ಶಾರ್ಟ್ ಶಿಫ್ಟರ್ ಹಾಕಿಸೋ ಮೊದಲು ಬುಶ್ ನೋಡಿ

ಇವತ್ತಿನ ಮಾತು ಮ್ಯಾನ್ಯುವಲ್ ಗೇರ್ ಇಷ್ಟಪಡೋರಿಗೆ. ಸ್ಪೋರ್ಟ್ಸ್ ಕಾರಿಗೆ ಹೊರಗಡೆಯಿಂದ ಶಾರ್ಟ್ ಶಿಫ್ಟರ್ ಕಿಟ್ ತಂದು ಹಾಕಿಸಿದ್ರೆ ಕೊಟ್ಟ ಕಾಸು ದಂಡವಾ? ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ. ಕೆಲವು ಕಾರಿಗೆ ಕಿಟ್ ಉಪಯೋಗಕ್ಕೆ ಬರುತ್ತೆ, ಆದರೆ ಅದು ನಿಮ್ಮ ಮೊದಲ ಖರ್ಚು ಆಗಬಾರದು.

ಇದು ಕೆಲಸ ಮಾಡೋದು ಹೇಗೆ? ಗೇರ್ ಲಿವರ್ ಅಂದ್ರೆ ಶಾಲೇಲಿ ಓದಿದ ಸನ್ನೆಕೋಲೇ. ನಡುವೆ ಒಂದು ಆಧಾರ ಬಿಂದು. ಮೇಲಿನ ಭಾಗ ನಿಮ್ಮ ಕೈಯಲ್ಲಿ, ಕೆಳಗಿನ ಭಾಗಕ್ಕೆ ಗೇರ್‌ಬಾಕ್ಸ್‌ಗೆ ಹೋಗೋ ರಾಡ್ ಅಥವಾ ಕೇಬಲ್. ಮೇಲೆ 200 ಮಿ.ಮೀ., ಕೆಳಗೆ 50 ಮಿ.ಮೀ. ಅಂತ ಇಟ್ಟುಕೊಳ್ಳಿ. ರಾಡ್ 25 ಮಿ.ಮೀ. ಸರಿಯೋಕೆ ನಿಮ್ಮ ಕೈ 100 ಮಿ.ಮೀ. ಹೋಗಬೇಕು. ಕಿಟ್ ಹಾಕಿ ಕೆಳಗಿನ ಭಾಗವನ್ನ 65 ಮಿ.ಮೀ. ಮಾಡಿದ್ರೆ ಕೈ ಸುಮಾರು 77 ಮಿ.ಮೀ. ಹೋದ್ರೆ ಸಾಕು. ಆದರೆ ಹಾಕಬೇಕಾದ ಬಲ ಶೇ 30ರಷ್ಟು ಜಾಸ್ತಿ ಆಗುತ್ತೆ. ಊರಿನ ಬೋರ್‌ವೆಲ್ ಕೈಪಂಪನ್ನ ನೆನಪು ಮಾಡಿಕೊಳ್ಳಿ. ಹಿಡಿಯ ತುದಿ ಬಿಟ್ಟು ನಡುವೆ ಹಿಡಿದು ಒತ್ತಿದ್ರೆ ಕೈ ಕಮ್ಮಿ ಓಡುತ್ತೆ, ತೋಳು ಬೇಗ ಸೋಲುತ್ತೆ.

ಹಾಗಾದ್ರೆ ಗೇರ್ ಬೇಗ ಬೀಳುತ್ತಾ? ಅಂದುಕೊಂಡಷ್ಟು ಇಲ್ಲ. ಒಳಗಡೆ ಸಿಂಕ್ರೊ ರಿಂಗ್‌ಗಳು ಇರುತ್ತವೆ. ಬೇರೆ ಬೇರೆ ವೇಗದಲ್ಲಿ ತಿರುಗೋ ಭಾಗಗಳನ್ನ ಉಜ್ಜಿ ಒಂದೇ ವೇಗಕ್ಕೆ ತರೋದು ಅವುಗಳ ಕೆಲಸ. ಲಿವರ್ ಚಿಕ್ಕದಾಯ್ತು ಅಂತ ಅವು ಅವಸರ ಮಾಡಲ್ಲ. ನೀವು ಅವಸರದಲ್ಲಿ ತಳ್ಳಿದ್ರೆ ರಿಂಗ್ ಸವೆಯುತ್ತೆ. ಎರಡನೇ ಗೇರ್ ಈಗಾಗಲೇ ಕರ್ ಅಂತಿದ್ರೆ ಕಿಟ್ ಆ ಕಾಯಿಲೆಗೆ ಔಷಧ ಅಲ್ಲ.

ಇನ್ನೊಂದು ಅಪಾಯ ಇದೆ. ಕೆಲವು ಕಿಟ್‌ಗಳು ಎಡಬಲದ ಅಂತರವನ್ನೂ ಕಮ್ಮಿ ಮಾಡ್ತವೆ. ಮೂರರಿಂದ ನಾಲ್ಕಕ್ಕೆ ಅಂತ ಎಳೆದದ್ದು ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನ್ನನ್ನ ತಿರುಗಿಸಿಬಿಡ್ತವೆ. ಆಗ ರೆವ್ ಲಿಮಿಟರ್ ಏನೂ ಮಾಡೋಕಾಗಲ್ಲ. ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು. ಇದಕ್ಕೆ ‘ಮನಿ ಶಿಫ್ಟ್’ ಅನ್ನೋ ಹೆಸರು ಸುಮ್ಮನೆ ಬಂದಿಲ್ಲ!

ಯಾವ ಕಾರಿಗೆ ಬೇಕು, ಯಾವುದಕ್ಕೆ ಬೇಡ? 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5, 1999ರ ಹೋಂಡಾ ಎಸ್2000 ನೋಡಿ. ಎರಡರಲ್ಲೂ ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೇ ಕೂತಿದೆ, ಕಂಪನಿ ಕೊಟ್ಟ ಚಲನೆಯೇ ಚಿಕ್ಕದು. ಅಲ್ಲಿ ಇನ್ನೂ ಕತ್ತರಿಸೋದು ನನ್ನ ಪ್ರಕಾರ ದುಡ್ಡು ದಂಡ. ಆದರೆ 90ರ ದಶಕದ ಬಿಎಂಡಬ್ಲ್ಯೂ ಇ36ರಲ್ಲಿ ನಡುವೆ ರಾಡ್ ಇದೆ, ಚಲನೆ ಉದ್ದ. ಅದರ ಮಾಲೀಕರು ಅದೇ ಕಂಪನಿಯ ಝಡ್3 ಲಿವರ್ ತಂದು ಹಾಕಿಸಿಕೊಳ್ಳೋದು ಹಳೇ ರೂಢಿ. ಕಂಪನಿಯದ್ದೇ ಭಾಗ, ಬದಲಾವಣೆ ಹಿತಮಿತ. ಇಂಥ ಕಾರಿಗೆ ನಾನು ಸೈ ಅಂತೀನಿ.

ಆದರೆ ಬಹಳ ಜನ ‘ಗೇರ್ ಸಡಿಲ, ರಬ್ಬರ್ ತರಹ ಇದೆ’ ಅಂತ ದೂರುತ್ತಾರಲ್ಲ, ಅದು ಉದ್ದದ ತಕರಾರೇ ಅಲ್ಲ. ಲಿವರ್ ಬುಡದಲ್ಲಿ, ರಾಡ್ ತುದೀಲಿ, ಕೇಬಲ್ ಕೊನೇಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ಬುಶ್ ಇರುತ್ತೆ. ವರ್ಷಗಳಾದ ಮೇಲೆ ಅದು ಸವೆದು ಆಟ ಬರುತ್ತೆ. ಸವೆದ ಬುಶ್ ಮೇಲೆ ದುಬಾರಿ ಕಿಟ್ ಹಾಕಿದ್ರೆ ಆ ಆಟ ಹಾಗೇ ಉಳಿಯುತ್ತೆ.

ಅದಕ್ಕೇ ನನ್ನ ಲೆಕ್ಕ ಹೀಗಿದೆ. ಮೊದಲು ಬುಶ್ ಬದಲಾಯಿಸಿ. ಕಂಪನಿ ಹೇಳಿದ ಗ್ರೇಡಿನ ಹೊಸ ಗೇರ್ ಆಯಿಲ್ ಹಾಕಿಸಿ. ಕೇಬಲ್ ಇದ್ರೆ ಅಡ್ಜಸ್ಟ್ ಮಾಡಿಸಿ. ಒಂದು ತಿಂಗಳು ಓಡಿಸಿ. ಆಮೇಲೂ ಕೈ ದೂರ ಹೋಗ್ತಿದೆ ಅನ್ನಿಸಿದ್ರೆ, ಚಲನೆಯನ್ನ ಸ್ವಲ್ಪವೇ ಕಮ್ಮಿ ಮಾಡೋ ಕಿಟ್ ನೋಡಿ. ಹಳೇ ಲಿವರ್ ಎಸೀಬೇಡಿ, ಕಾರು ಮಾರೋವಾಗ ಬೇಕಾಗುತ್ತೆ.

ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು-ಎರಡು, ಒಂದು-ಎರಡು ಅಂತ ಗೇರ್ ಹಾಕೋರು ಆ ಶೇ 30ರ ಬಲವನ್ನ ಒಮ್ಮೆ ನೆನಪಿಸಿಕೊಳ್ಳಿ. ಅಲ್ಲಿ ಸೋಲೋದು ನಿಮ್ಮ ಭುಜವೇ.

ನಿಮ್ಮ ಕಾರಲ್ಲಿ ಗೇರ್ ಹೇಗೆ ಬೀಳುತ್ತೆ, ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ.