ವಿಸ್ಲರ್ ಕಂಡ ವೆನಿಸ್



ಇಂದು ನಾವು ಹೇಳಹೊರಟಿರುವುದು ಇಟಲಿಯ ವೆನಿಸ್ ನಗರದ ಚಿತ್ರಗಳ ವಿಷಯ. ಆ ಊರಿನಲ್ಲಿ ಕಾಲುವೆಗಳೇ ಬೀದಿಗಳು, ದೋಣಿಗಳೇ ಗಾಡಿಗಳು. ಅದನ್ನು ತಾಮ್ರದ ತಗಡಿನಲ್ಲಿ ಕೊರೆದ ಜೇಮ್ಸ್ ವಿಸ್ಲರ್ 1834ರಲ್ಲಿ ಹುಟ್ಟಿದ್ದು ಅಮೇರಿಕದ ಲೊವೆಲ್ ಎಂಬ ಹತ್ತಿಗಿರಣಿಗಳ ಊರಿನಲ್ಲಿ. ಆ ವಿದ್ಯೆಯನ್ನು ಕಲಿತದ್ದು ಸರ್ಕಾರದ ನಕ್ಷೆ ಕಚೇರಿಯಲ್ಲಿ ನೌಕರಿಗಿದ್ದಾಗ. ಆದುದರಿಂದ ಆತ ನಮಗೆ ತೀರ ಹೊರಗಿನವನಲ್ಲ.

1878ರಲ್ಲಿ ಆತ ರಸ್ಕಿನ್ ಎಂಬ ವಿಮರ್ಶಕನ ಮೇಲಿನ ಮಾನನಷ್ಟದ ಮೊಕದ್ದಮೆಯಲ್ಲಿ ಗೆದ್ದ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ! ಕೋರ್ಟು ಖರ್ಚು ಮೈಮೇಲೆ ಬಂದು, ಮರುವರ್ಷ ದಿವಾಳಿಯಾಗಿ, ಮನೆಯನ್ನೂ ಕಳೆದುಕೊಂಡ. ಆಗ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯವರು 12 ಚಿತ್ರಗಳಿಗಾಗಿ ಮೂರು ತಿಂಗಳ ಮಟ್ಟಿಗೆ ವೆನಿಸ್ಸಿಗೆ ಕಳುಹಿಸಿದರು. ಕಡುಚಳಿಯಲ್ಲಿ, ಕೈಯಲ್ಲಿ ಕಾಸಿಲ್ಲದೆ, ಆತ ಸುಮಾರು 14 ತಿಂಗಳು ಅಲ್ಲೇ ನಿಂತು 50ರಷ್ಟು ತಗಡುಗಳನ್ನು ಕೊರೆದ.

ಪ್ರವಾಸಿಗಳು ಮೆಚ್ಚುವ ಅರಮನೆಗಳಿಗಿಂತ ಆತನ ಕಣ್ಣು ಹೆಚ್ಚಾಗಿ ಹೋದದ್ದು ಹಿತ್ತಿಲ ಓಣಿಗಳತ್ತ, ಹಳೆಯ ಬಾಗಿಲುಗಳತ್ತ, ಮಣಿ ಪೋಣಿಸುವ ಹೆಂಗಸರತ್ತ, ಭಿಕ್ಷುಕರತ್ತ.

ಇದರ ಕೆಲಸ ಹೀಗೆ: ತಗಡಿಗೆ ಮೇಣ ಬಳಿದು ಸೂಜಿಯಿಂದ ಗೀರಬೇಕು. ಆಮ್ಲ ಸುರಿದರೆ ಗೀರಿದ ಕಡೆ ಮಾತ್ರ ತಾಮ್ರ ಸವೆಯುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ, ಮೇಲಿನದನ್ನು ಒರಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಬೇಕು. ವಿಸ್ಲರ್ ಮಸಿಯನ್ನು ಪೂರಾ ಒರಸದೆ ತೆಳುವಾದ ಪೊರೆಯೊಂದನ್ನು ಉಳಿಸುತ್ತಿದ್ದ. ಅದೇ ಮಂಜಾಗುತ್ತಿತ್ತು, ಅದೇ ನೀರ ಮೇಲಿನ ಇರುಳಾಗುತ್ತಿತ್ತು. ‘ನಾಕ್ಟರ್ನ್’ ಎಂಬ ಚಿತ್ರದ ಒಂದು ಪ್ರತಿಯಲ್ಲಿ ಕಗ್ಗತ್ತಲೆ, ಇನ್ನೊಂದರಲ್ಲಿ ತಿಳಿ ಮಬ್ಬು. ತಗಡು ಮಾತ್ರ ಒಂದೇ.

1880ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಪ್ರದರ್ಶನವಾದಾಗ ಪತ್ರಿಕೆಗಳಲ್ಲಿ ಅನೇಕರು ಹಳಿದರು. 1883ರ ಪ್ರದರ್ಶನದಲ್ಲಿ ಆತ ಆ ಬೈಗುಳಗಳನ್ನೇ ಚಿತ್ರಪಟ್ಟಿಯಲ್ಲಿ ಅಚ್ಚು ಹಾಕಿಸಿದ!

ಬಂಧುಗಳೇ, ನಾವು ಊರಿಗೆ ಹೋದಾಗ ಗೇಟ್‌ವೇ, ಮರೀನ್ ಡ್ರೈವ್‌ಗಳನ್ನು ವರ್ಣಿಸುತ್ತೇವೆ. ನಾವಿರುವ ಚಾಳಿನ ಮಾತು ಬಂದರೆ ನಾಚುತ್ತೇವೆ. ಮಳೆಗಾಲದ ಸಂಜೆ ಅಸಲ್ಫಾ ಗುಡ್ಡದ ದೀಪಗಳು ಮಸುಕಾಗುವುದನ್ನು, ನಲ್ಲಿಯ ಮುಂದಿನ ಕೊಡಗಳ ಸಾಲನ್ನು ನಾವೇ ಹೇಳದಿದ್ದರೆ, ನಾವು ಇಲ್ಲಿ ಹೇಗೆ ಬದುಕಿದೆವೆಂದು ನಮ್ಮ ಮಕ್ಕಳಿಗೆ ತಿಳಿಯುವ ಬಗೆ ಯಾವುದು? ವಾಚನಾಲಯದ ಮೇಜಿನ ಮೇಲೆ ಬರಿಯ ಹಾಳೆಗಳ ಒಂದು ಪುಸ್ತಕವಿಟ್ಟಿದ್ದೇವೆ. ಬಂದವರು ತಮ್ಮ ಓಣಿಯ ಬಗ್ಗೆ ನಾಲ್ಕು ಸಾಲು ಬರೆಯಬೇಕು; ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ.