ನೆಲದಡಿಯ ನಿಧಿ ಯಾರದು?

ಮನೆಯ ಕಾಂಪೌಂಡಿನ ಮೇಲೆ ಹಬ್ಬಿ ಕೆಂಪಗೆ ಅರಳುವ ಕಾಗದದ ಹೂವಿನ ಬಳ್ಳಿಯನ್ನು ತಾವೆಲ್ಲರೂ ಬಲ್ಲಿರಿ. ಅದರ ಇಂಗ್ಲಿಷ್ ಹೆಸರು ಬೂಗನ್‌ವಿಲಿಯಾ. ಹದಿನೆಂಟನೆಯ ಶತಮಾನದಲ್ಲಿ ಭೂಮಂಡಲವನ್ನು ಸುತ್ತಿ ಬಂದ ಬೂಗನ್‌ವಿಲ್ ಎಂಬ ಫ್ರೆಂಚ್ ನಾವಿಕನ ಹೆಸರನ್ನು ಅದಕ್ಕೆ ಇಟ್ಟರು. ಪೆಸಿಫಿಕ್ ಸಾಗರದ ಒಂದು ದ್ವೀಪಕ್ಕೂ ಅದೇ ಹೆಸರು. ಆ ದ್ವೀಪದ ತಾಮ್ರದ ಗಣಿಯೊಂದನ್ನು ಉಳಿಸಿಕೊಳ್ಳಲು ಸರಕಾರಗಳು ನಡೆಸಿದ ಸಂಧಾನಗಳು ಏಕೆ ಮುರಿದು ಬಿದ್ದವು ಎಂಬುದೇ ಈ ಭಾಷಣದ ವಿಷಯ.

ಬೂಗನ್‌ವಿಲ್ ದ್ವೀಪವು ಪಾಪುವಾ ನ್ಯೂಗಿನಿಯೊಡನೆ ಆಸ್ಟ್ರೇಲಿಯದ ಆಡಳಿತದಲ್ಲಿತ್ತು. 1964ರಲ್ಲಿ ಲಂಡನ್ನಿನ ರಿಯೋ ಟಿಂಟೋ ಸಂಸ್ಥೆಗೆ ಸೇರಿದ ಆಸ್ಟ್ರೇಲಿಯದ ಕಂಪನಿಯೊಂದು ಪಂಗುನಾ ಎಂಬ ಬೆಟ್ಟಸೀಮೆಯಲ್ಲಿ ತಾಮ್ರದ ಶೋಧಕ್ಕೆ ತೊಡಗಿತು. ಅಲ್ಲಿ ನೆಲದ ಹಕ್ಕು ಬಹುಮಟ್ಟಿಗೆ ತಾಯಿಯಿಂದ ಮಗಳಿಗೆ ಇಳಿದು ಬರುವುದು ಸಂಪ್ರದಾಯ. ಕೃಷಿಭೂಮಿಯೂ ಪಿತೃಗಳ ಸಮಾಧಿಯೂ ಒಂದೇ ನೆಲ. ಸರಕಾರದ ಕಾನೂನು ಮಾತ್ರ ಬೇರೆಯಾಗಿತ್ತು: ಮೇಲಿನ ಮಣ್ಣು ನಿಮ್ಮದು, ಅಡಿಯ ಲೋಹ ಸರಕಾರದ್ದು.

ಈ ಮಾತು ಆ ಜನಕ್ಕೆ ಏಕೆ ಅರ್ಥವಾಗಲಿಲ್ಲ ಎಂಬುದನ್ನು ತಿಳಿಯಲು ನಮ್ಮ ಶಾಸನಗಳನ್ನು ನೆನೆಯಬಹುದು. ಭೂಮಿಯನ್ನು ದತ್ತಿ ಬಿಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೊಡನೆ ಕೊಟ್ಟೆವೆಂದು ಬರೆಸುತ್ತಿದ್ದರು. ಹಾಗೆ ನೆಲ ಪಡೆದವನಿಗೆ ನೆಲದಡಿಯ ನಿಧಿಯೂ ಸೇರುತ್ತಿತ್ತು. ಬೂಗನ್‌ವಿಲ್ಲಿನ ತಾಯಂದಿರ ತಿಳಿವಳಿಕೆಯೂ ಅದೇ.

ಅವರಿಗೆ ಸಿಕ್ಕಿದ್ದೇನು? ಅದಿರಿನ ಮೌಲ್ಯದಲ್ಲಿ ನೂರಕ್ಕೆ ಒಂದೂಕಾಲು ಪಾಲು ಸರಕಾರಕ್ಕೆ ರಾಜಧನ. ಪಾಲ್ ಲಾಪುನ್ ಎಂಬ ಸ್ಥಳೀಯ ಪ್ರತಿನಿಧಿ ಶಾಸನಸಭೆಯಲ್ಲಿ ಹೋರಾಡಿ, ಆ ರಾಜಧನದಲ್ಲಿ ನೂರಕ್ಕೆ ಐದು ಪಾಲು ಭೂಮಾಲಿಕರಿಗೆ ಸಲ್ಲುವಂತೆ 1966ರಲ್ಲಿ ಮಾಡಿಸಿದರು. ತಾವೇ ಲೆಕ್ಕ ಹಾಕಿ ನೋಡಿ: ನೂರು ರೂಪಾಯಿನ ಅದಿರಿಗೆ ಆರೂಕಾಲು ಪೈಸೆ! 1969ರಲ್ಲಿ ರೊರೊವಾನಾ ಎಂಬಲ್ಲಿ ಬಂದರಿಗಾಗಿ ನೆಲವನ್ನು ಅಳೆಯಲು ಬಂದಾಗ ಹೆಂಗಸರು ಅಡ್ಡ ನಿಂತರು. ಪೋಲೀಸರು ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಆಸ್ಟ್ರೇಲಿಯದಲ್ಲೇ ಪತ್ರಿಕೆಗಳು ಅದನ್ನು ಖಂಡಿಸಿದವು. ಪರಿಹಾರದ ಹಣ ಏರಿತು. ಹಕ್ಕಿನ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು.

1972ರಲ್ಲಿ ಗಣಿ ಪ್ರಾರಂಭವಾಯಿತು. 1975ರ ಸೆಪ್ಟೆಂಬರ್ 16ರಂದು ಪಾಪುವಾ ನ್ಯೂಗಿನಿ ಸ್ವತಂತ್ರವಾಯಿತು. ಅದಕ್ಕೆ ಹದಿನೈದು ದಿನ ಮೊದಲೇ ಬೂಗನ್‌ವಿಲ್ಲಿನ ಮುಖಂಡರು ತಾವೇ ಪ್ರತ್ಯೇಕವೆಂದು ಘೋಷಿಸಿದ್ದರು. ಹೊಸ ರಾಷ್ಟ್ರ ಅವರನ್ನು ಬಿಟ್ಟುಕೊಡುವಂತಿರಲಿಲ್ಲ. ಅದರ ರಫ್ತಿನ ಬಹುದೊಡ್ಡ ಪಾಲು ಈ ಒಂದೇ ಗಣಿಯಿಂದ ಬರುತ್ತಿತ್ತು. ಕೊನೆಗೆ ಪ್ರಾಂತ್ಯ ಸರಕಾರವನ್ನು ಕೊಟ್ಟು ಸಮಾಧಾನಪಡಿಸಿದರು. ಇತ್ತ ನೂರು ಕೋಟಿ ಟನ್ನಿಗೂ ಮಿಕ್ಕ ಗಣಿತ್ಯಾಜ್ಯ ನದಿಯ ಪಾಲಾಗಿ, ಮೀನು ಸತ್ತು, ತೋಟಗಳು ಹೂತುಹೋದವು.

ಅದೇ ಗಣಿಯಲ್ಲಿ ಹಿಂದೆ ಕೆಲಸಕ್ಕಿದ್ದ ಫ್ರಾನ್ಸಿಸ್ ಓನಾ ಎಂಬವನು 1988ರ ಕೊನೆಯಲ್ಲಿ ದಂಗೆ ಎದ್ದನು. ವಿದ್ಯುತ್ ಗೋಪುರಗಳು ಉರುಳಿದವು. 1989ರ ಮೇ 15ರಂದು ಗಣಿ ಮುಚ್ಚಿತು. ಈಗ ಎಲ್ಲರಿಗೂ ಸಂಧಾನದ ನೆನಪು ಬಂತು: ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಒಂದು ಕೈಯಲ್ಲಿ ಪರಿಹಾರದ ಪತ್ರ, ಇನ್ನೊಂದು ಕೈಯಲ್ಲಿ ಕೋವಿ. ಆಸ್ಟ್ರೇಲಿಯ ನಾಲ್ಕು ಹೆಲಿಕಾಪ್ಟರುಗಳನ್ನು ಕೊಟ್ಟಿತು. ಅವನ್ನು ಯುದ್ಧಕ್ಕೆ ಬಳಸಬಾರದೆಂಬ ಷರತ್ತು ಕಾಗದದಲ್ಲೇ ಉಳಿಯಿತು. 1990ರಲ್ಲಿ ಸರಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಔಷಧಿಯಿಲ್ಲದೆ ಮಕ್ಕಳೂ ಬಾಣಂತಿಯರೂ ಸತ್ತರು. ಅದೇ ವರ್ಷ ನ್ಯೂಜಿಲೆಂಡಿನ ಎಂಡೆವರ್ ಎಂಬ ಹಡಗಿನ ಮೇಲೆ ಆದ ಒಪ್ಪಂದ ಬಹುಕಾಲ ನಿಲ್ಲಲಿಲ್ಲ. 1997ರಲ್ಲಿ ಪ್ರಧಾನಿ ಜೂಲಿಯಸ್ ಚಾನ್ ಹಣ ಕೊಟ್ಟು ವಿದೇಶೀ ಕೂಲಿಸೈನಿಕರನ್ನೇ ಕರೆತಂದರು. ಅವರ ಸ್ವಂತ ಸೇನಾಪತಿ ಸಿಂಗಿರೋಕ್ ಆ ಸೈನಿಕರನ್ನು ಸೆರೆಹಿಡಿದು ಹಿಂದಕ್ಕಟ್ಟಿದನು. ಈ ಕಲಹದ ಕಾಲದಲ್ಲಿ ಸತ್ತವರು ಇಪ್ಪತ್ತು ಸಾವಿರದವರೆಗೂ ಇರಬಹುದೆಂದು ಅಂದಾಜು.

ಶಾಂತಿ ಹೇಗೆ ಬಂತೆಂಬುದು ಗಮನಾರ್ಹ. ಅದೇ 1997ರಲ್ಲಿ ನ್ಯೂಜಿಲೆಂಡಿನ ಬರ್ನ್‌ಹಮ್ ಎಂಬಲ್ಲಿ ದ್ವೀಪದ ಬಣಗಳು ಮೊದಲು ತಮ್ಮತಮ್ಮೊಳಗೆ ಮಾತಾಡಿದವು. ಕದನವಿರಾಮವನ್ನು ನೋಡಿಕೊಳ್ಳಲು ನ್ಯೂಜಿಲೆಂಡ್, ಆಸ್ಟ್ರೇಲಿಯ, ಫಿಜಿ, ವನುವಾಟುಗಳಿಂದ ಬಂದವರ ಕೈಯಲ್ಲಿ ಆಯುಧವಿರಲಿಲ್ಲ. ಕಾಡಿನಲ್ಲಿದ್ದ ಮಕ್ಕಳನ್ನು ಹಿಂದಕ್ಕೆ ಕರೆತರಲು ಎಷ್ಟೋ ತಾಯಂದಿರು ತಾವೇ ಕಾಡಿಗೆ ಹೋದರು. 2001ರ ಆಗಸ್ಟ್ 30ರ ಒಪ್ಪಂದದಲ್ಲಿ ಸ್ವಯಮಾಡಳಿತ, ಆಯುಧವಿಸರ್ಜನೆ, ಜನಮತಗಣನೆ ಇದ್ದವು. ಗಣಿಯನ್ನು ಮತ್ತೆ ತೆರೆಯಬೇಕೆಂಬ ಷರತ್ತು ಇರಲಿಲ್ಲ. ಗಣಿಯನ್ನು ಬದಿಗಿಟ್ಟು ಮನುಷ್ಯರನ್ನು ಮುಂದಿಟ್ಟಾಗ ಮಾತು ಕೂಡಿಬಂತು.

2015ರಲ್ಲಿ ಬೂಗನ್‌ವಿಲ್ಲಿನ ಶಾಸನಸಭೆ ಹೊಸ ಗಣಿ ಕಾಯಿದೆ ಮಾಡಿ, ನೆಲದಡಿಯ ಖನಿಜದ ಮೇಲೂ ಸಂಪ್ರದಾಯದ ಭೂಮಾಲಿಕರಿಗೆ ಹಕ್ಕಿದೆಯೆಂದು ಒಪ್ಪಿತು. ಮರುವರ್ಷ ರಿಯೋ ಟಿಂಟೋ ತನ್ನ ಷೇರುಗಳನ್ನು ಬಿಟ್ಟುಕೊಟ್ಟು ಹೊರನಡೆಯಿತು. 2019ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತೇಳಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯವನ್ನೇ ಬಯಸಿದರು.

ಮೊದಲ ದಿನವೇ ಆ ತಾಯಂದಿರನ್ನು ಕೂರಿಸಿಕೊಂಡು, ಅಮ್ಮಾ, ನಿಮ್ಮ ನೆಲವನ್ನು ಅಗೆಯಬಹುದೇ ಎಂದು ಕೇಳಿ, ಬೇಡವೆಂದರೆ ಹಿಂದಿರುಗುವ ಮನಸ್ಸಿದ್ದಿದ್ದರೆ? ಕೇಳಬೇಕಾದವರನ್ನು ಬಿಟ್ಟು ಉಳಿದವರೆಲ್ಲ ಕೂಡಿ ಆಡುವ ಮಾತು ಸಂಧಾನವೆನಿಸಲಾರದು.