ಹುಟ್ಟೋ ಮಗು ಕಪ್ಪಾದರೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಭೂಮಿ, ಕೂಲಿ, ವಿದ್ಯಾರ್ಥಿವೇತನ ಅಂತ ಗಂಟೆಗಟ್ಟಲೆ ಮಾತಾಡುವ ನಾವು ಒಂದು ಭಯವನ್ನು ಮಾತ್ರ ಒಳಗೇ ನುಂಗಿಕೊಳ್ಳುತ್ತೇವೆ. ಮದುವೆ ಮಾತು ಬಂದಾಗ ಅದು ಹೊರಗೆ ಬೀಳುತ್ತದೆ: "ನಾನಂತೂ ಕಪ್ಪು, ಹುಡುಗಿಯೂ ಕಪ್ಪಾದರೆ ಮಕ್ಕಳ ಗತಿ ಏನು?" ಹೆಣ್ಣು ಕೂಸಾದರಂತೂ ವರದಕ್ಷಿಣೆಯ ಲೆಕ್ಕ ಆಗಲೇ ಶುರು. ಹೋರಾಟದ ಹಾಡು ಹೇಳುವ ಬಾಯಲ್ಲೇ ಈ ಮಾತೂ ಬರುತ್ತದಲ್ಲಾ, ಇವತ್ತು ಇದನ್ನು ಬಿಚ್ಚಿ ನೋಡೋಣ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಬಿಸಿಲಿನ ನೇರಳಾತೀತ ಕಿರಣಗಳಿಂದ ಮೈ ಕಾಯುವ ಕೊಡೆ ಅದು. ಅದನ್ನು ತೀರ್ಮಾನಿಸುವುದು ಒಂದೇ ಜೀನ್ ಅಲ್ಲ, ಹತ್ತಾರು ಜೀನ್‌ಗಳು. ಅರ್ಧ ಅಪ್ಪನಿಂದ, ಅರ್ಧ ಅವ್ವನಿಂದ. ಅದಕ್ಕೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ಕಪ್ಪು, ತಂಗಿ ಕೆಂಪು. ಬಸುರಿ ಕುಡಿಯುವ ಕೇಸರಿ ಹಾಲು ಈ ಲೆಕ್ಕವನ್ನು ಬದಲಿಸಲಾರದು.

ಇದು ನಕ್ಕು ಬಿಡುವ ಮಾತಲ್ಲ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ ಅಂತ ಹೆದರಿ ಬಿಸಾಕುವ ಬಸುರಿಯರಿದ್ದಾರೆ. ದಿನಕ್ಕೊಂದರಂತೆ 180 ದಿನ ನುಂಗಲೇಬೇಕೆಂದು ಸರ್ಕಾರ ಕೊಡುವ ಮಾತ್ರೆ ಅದು. ಅದರಿಂದ ಕಪ್ಪಾಗುವುದು ತಾಯಿಯ ಮಲ, ಕೂಸಿನ ಮೈಯಲ್ಲ. ರಕ್ತಹೀನತೆ ಇದ್ದವಳಿಗೆ ಹೆರಿಗೆಯಲ್ಲಿ ರಕ್ತ ಹೋದರೆ ಜೀವಕ್ಕೇ ಸಂಚಕಾರ. ಬಿಳುಪಿನ ಆಸೆಗೆ ನಮ್ಮ ಕೇರಿಯ ಅಕ್ಕತಂಗಿಯರು ಪ್ರಾಣ ಒತ್ತೆ ಇಡಬೇಕೇ?

ಬಿಳುಪು ಮೇಲು, ಕಪ್ಪು ಕೀಳು ಎಂದವರು ಬಣ್ಣವನ್ನು ಜಾತಿಗೆ ಗಂಟು ಹಾಕಿದರು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಆ ಗಂಟು ಬಿಚ್ಚಿದರು: ಪಂಜಾಬಿನ ಬ್ರಾಹ್ಮಣನೂ ಅಲ್ಲಿಯ ಚಮಾರನೂ ಜನಾಂಗದಿಂದ ಒಂದೇ ಎಂದರು. ಆದರೂ ವ್ಯಾಪಾರ ನಿಲ್ಲಲಿಲ್ಲ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಕನ್ನಡಿ ಮುಂದೆ ನಿಂತ ನಮ್ಮ ಮನಸ್ಸು?

ನಮ್ಮ ಹಿರಿಯರು ಮಕ್ಕಳನ್ನು ಕರಿಯ, ಕಾಳಮ್ಮ, ಕರಿಯಮ್ಮ ಅಂತ ಬಾಯ್ತುಂಬ ಕರೆದರು. ಎರೆಮಣ್ಣು ಕಪ್ಪು ಅಂತ ಯಾರೂ ಬಿತ್ತದೆ ಬಿಟ್ಟಿಲ್ಲ.

ಬಣ್ಣ ಜೀನಿನಲ್ಲಿ ಬರುತ್ತದೆ. ಅದನ್ನು ತಡೆಯೋಕಾಗಲ್ಲ, ತಡೆಯೋದೂ ಬೇಕಿಲ್ಲ. ನಾಚಿಕೆ ಬಾಯಿಂದ ಬರುತ್ತದೆ. "ಅಯ್ಯೋ, ಕಪ್ಪಗದಲ್ಲಾ ಕೂಸು" ಅಂತ ತೊಟ್ಟಿಲ ಮುಂದೆ ಆಡೋ ಮಾತಿನಿಂದ ಬರುತ್ತದೆ. ಆ ಬಾಯಿ ನಮ್ಮದು, ನಾವೇ ಮುಚ್ಚಬೇಕು. ಹೆಣ್ಣು ಗಂಡು ನೋಡುವಾಗ ಬಣ್ಣ ಕೇಳೋದು ಬಿಡೋಣ. ರಜೆಗೆ ಊರಿಗೆ ಹೋದಾಗ ಬಸುರಿ ಅಕ್ಕನನ್ನು, ಅತ್ತಿಗೆಯನ್ನು "ಮಾತ್ರೆ ನುಂಗಿದೆಯಾ?" ಅಂತ ಕೇಳೋಣ.

ಜೈಭೀಮ್.